ಬ್ಯಾಬಿಲಾನ್ 5 ಬ್ಲೂ-ರೇ ಬಂತು! ಹಳೇ ಡಿವಿಡಿ ಇರುವವರು ತರಿಸಬೇಕಾ? ಅನುಭವ ಹೇಳಿ

ಹಳೇಡಿಸ್ಕ್, ಬೆಂಗಳೂರು:
ಎಲ್ಲರಿಗೂ ನಮಸ್ಕಾರ. 2023ರ ಡಿಸೆಂಬರ್ 5ಕ್ಕೆ ಅಮೆರಿಕದಲ್ಲಿ ಬ್ಯಾಬಿಲಾನ್ 5, ಅಂದರೆ ಬಾಹ್ಯಾಕಾಶ ನಿಲ್ದಾಣವೊಂದರ ಕಥೆ ಹೇಳುವ 90ರ ದಶಕದ ಟಿವಿ ಸರಣಿ, ಬ್ಲೂ-ರೇಯಲ್ಲಿ ಬಿಡುಗಡೆಯಾಯಿತು. ಐದು ಸೀಸನ್, 110 ಎಪಿಸೋಡ್, 21 ಡಿಸ್ಕ್. ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಡಿವಿಡಿಯ ಐದೂ ಸೆಟ್ ನನ್ನ ಹತ್ತಿರ ಇವೆ. ಮಗಳಿಗೆ ಈಗ 15. ಬೇಸಿಗೆ ರಜೆಯಲ್ಲಿ ಅವಳ ಜೊತೆ ಮೊದಲಿಂದ ನೋಡಬೇಕು ಅಂತ ಆಸೆ. ಕಥೆ ಅವಳಿಗೆ ಏನೂ ಗೊತ್ತಿಲ್ಲ. ಮಾರ್ಚ್‌ನಲ್ಲಿ ಚಿಕ್ಕಪ್ಪನ ಮಗ ಡಲ್ಲಾಸ್‌ನಿಂದ ಬರುತ್ತಿದ್ದಾನೆ. ಅವನ ಕೈಲಿ ತರಿಸಲಾ, ಡಿವಿಡಿಯೇ ಸಾಕಾ? ಟಿವಿ 43 ಇಂಚು. ಬ್ಲೂ-ರೇ ಪ್ಲೇಯರ್ ಇನ್ನೂ ತಗೊಂಡಿಲ್ಲ.

ಕ್ರಾಯ್ಡನ್ ಅಕ್ಕ:
ತಮ್ಮಾ, ನನ್ನ ಕಥೆ ಕೇಳು. ನಾನು ಮದುವೆಯಾಗಿ ಇಂಗ್ಲೆಂಡಿಗೆ ಬಂದದ್ದು 1994ರಲ್ಲಿ. ಅದೇ ವರ್ಷ ಚಾನೆಲ್ 4ರಲ್ಲಿ ಇದು ಶುರುವಾಯಿತು. ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ಹೊರಗೆ ಚಳಿ. ವಾರಕ್ಕೊಂದು ಎಪಿಸೋಡಿಗೆ ಕಾಯುತ್ತಿದ್ದೆ. 1995ರಲ್ಲಿ ಎರಡನೇ ಸೀಸನ್ನಿನ ಕೊನೆಯ ನಾಲ್ಕು ಎಪಿಸೋಡ್ ಅಮೆರಿಕದವರಿಗಿಂತ ಮೊದಲು ನೋಡಿದ್ದು ನಾವು. ಆ ಹೆಮ್ಮೆ ಇವತ್ತಿಗೂ ಇದೆ.

ಆಮೇಲೆ ವಿಎಚ್‌ಎಸ್ ಕ್ಯಾಸೆಟ್ ಕೊಳ್ಳಲು ಶುರು ಮಾಡಿದೆ. ಒಂದು ಕ್ಯಾಸೆಟ್ಟಿನಲ್ಲಿ ಎರಡೇ ಎಪಿಸೋಡ್. ಲೆಕ್ಕ ಹಾಕು, ಪೂರ್ತಿ ಆಗಬೇಕಾದರೆ 55 ಕ್ಯಾಸೆಟ್. ನಾನು ಒಂದಕ್ಕೆ 12.99 ಪೌಂಡ್ ಕೊಟ್ಟೆ. ಆಗ ನನ್ನ ಸಂಬಳದಲ್ಲಿ ವಾರದ ತರಕಾರಿಗೂ ಅಷ್ಟೇ ಆಗುತ್ತಿತ್ತು. 41 ಕ್ಯಾಸೆಟ್ ಸೇರಿಸಿದೆ. 2001ರಲ್ಲಿ ಮನೆ ಬದಲಾಯಿಸುವಾಗ ಜಾಗವಿಲ್ಲ ಅಂತ ಎರಡು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಸಾಗರದ ತವರುಮನೆಗೆ ಹಡಗಿನಲ್ಲಿ ಕಳಿಸಿದೆ. ಅಮ್ಮ ಅಟ್ಟದ ಮೇಲೆ ಇಟ್ಟರು. ಮೂರು ಮಳೆಗಾಲ ಕಳೆಯಿತು. ಹೋಗಿ ತೆಗೆದು ನೋಡಿದರೆ ಟೇಪಿನ ಮೇಲೆಲ್ಲಾ ಬೂಷ್ಟು. ಒಂದು ಹಾಕಿ ನೋಡಿದ್ದಕ್ಕೆ ಅಣ್ಣನ ವಿಸಿಆರ್ ಹೆಡ್ಡೂ ಹಾಳಾಯಿತು. ಅದರ ರಿಪೇರಿಗೆ 650 ರೂಪಾಯಿ ನಾನೇ ಕೊಟ್ಟೆ. 41 ಕ್ಯಾಸೆಟ್ಟನ್ನೂ ಹಿತ್ತಲಲ್ಲಿ ಗುಂಡಿ ತೋಡಿ ಹೂಳಿದೆವು. ಅವತ್ತು ನಾನು ಅತ್ತದ್ದು ಅಮ್ಮನಿಗೆ ಅರ್ಥವೇ ಆಗಲಿಲ್ಲ.

ಆಮೇಲೆ ಡಿವಿಡಿ. ಈಗ ಬ್ಲೂ-ರೇ. ಮೂರು ಸಲ ದುಡ್ಡು ಕೊಟ್ಟಿದ್ದೇನೆ, ಒಂದು ಪೈಸೆಗೂ ಬೇಸರವಿಲ್ಲ. ಈ ಸಲ ಡೆಲೆನ್ನಳ ಮುಖ ನೋಡಿದಾಗ ಕಣ್ಣಿನ ಸುತ್ತ ಮೇಕಪ್ಪಿನ ಗೆರೆ ಕೂಡ ಕಂಡಿತು. ಆ ಪಾತ್ರ ಮಾಡಿದ ಮೀರಾ ಫರ್ಲಾನ್ ತೀರಿಕೊಂಡದ್ದು 2021ರ ಜನವರಿ 20ಕ್ಕೆ. ಈ ಹೊಸ ಪ್ರಿಂಟ್ ಆನ್‌ಲೈನಲ್ಲಿ, ಎಚ್‌ಬಿಒ ಮ್ಯಾಕ್ಸ್‌ನಲ್ಲಿ ಬಂದದ್ದು ಅದೇ ತಿಂಗಳ ಕೊನೆಗೆ. ಕೆಲವೇ ದಿನಗಳ ಅಂತರ. ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಫ್ರೀಮಾಂಟ್ ಭಟ್ಟ:
ಡಿವಿಡಿ ಮಾರಬೇಡಿ. ದಯವಿಟ್ಟು ಮಾರಬೇಡಿ. ನಾನು ಮಾರಿದೆ. ಬ್ಲೂ-ರೇ ಬರುತ್ತದೆ ಅಂತ ಗೊತ್ತಾದ ವಾರವೇ ಐದು ಸೀಸನ್, ಸಿನಿಮಾಗಳ ಸೆಟ್, ಇದರಿಂದಲೇ ಹುಟ್ಟಿದ ಕ್ರುಸೇಡ್ ಸರಣಿ, ಎಲ್ಲಾ ಸೇರಿಸಿ 60 ಡಾಲರಿಗೆ ಕೊಟ್ಟುಬಿಟ್ಟೆ. ಹೊಸ ಸೆಟ್ ಬಂತು, 104 ಡಾಲರ್ ಆಯಿತು. ತೆರೆದು ನೋಡಿದರೆ ಕಾಮೆಂಟರಿ ಒಂದೂ ಇಲ್ಲ. ಸರಣಿ ಸೃಷ್ಟಿಸಿದ ಸ್ಟ್ರಾಜಿನ್ಸ್ಕಿ ಎಪಿಸೋಡ್ ನೋಡುತ್ತಾ ಕೂತು ಮಾತಾಡಿದ್ದು, ನಟರು ಒಟ್ಟಿಗೆ ಕೂತು ನಕ್ಕಿದ್ದು, ಯಾವುದೂ ಇಲ್ಲ. ಆ ನಟರಲ್ಲಿ ಎಷ್ಟು ಜನ ಈಗ ಉಳಿದಿದ್ದಾರೆ? ಆಂಡ್ರಿಯಾಸ್ ಕಟ್ಸುಲಾಸ್ 2006ರಲ್ಲಿ ಹೋದರು. ಜೆರ್ರಿ ಡಾಯ್ಲ್ 2016ರಲ್ಲಿ. ಸ್ಟೀಫನ್ ಫರ್ಸ್ಟ್ 2017ರಲ್ಲಿ. ಜೆರ್ರಿ ಡಾಯ್ಲ್ ದನಿ ಕಾಮೆಂಟರಿಯಲ್ಲಿ ಕೇಳಿದ ನೆನಪು ನನಗಿನ್ನೂ ಇದೆ. ಅದನ್ನು ನಾನೇ ಕೈಯಾರೆ ಮಾರಿದೆ.

ಟಿವಿ ಸಿನಿಮಾಗಳೂ ಈ ಸೆಟ್ಟಿನಲ್ಲಿ ಇಲ್ಲ. ಪೈಲಟ್, ಅಂದರೆ ಸರಣಿಗೆ ಮೊದಲು ಬಂದ ಪರಿಚಯದ ಸಿನಿಮಾ ಇದೆ, ಆದರೆ ಹಳೇ ಗುಣಮಟ್ಟದಲ್ಲೇ. ಅದನ್ನು ಹಾಕಿ, ಅಯ್ಯೋ ಇದಕ್ಕಾ ಇಷ್ಟು ದುಡ್ಡು ಕೊಟ್ಟೆ ಅಂತ ಗಾಬರಿಯಾಗಬೇಡಿ. ಅದನ್ನೊಂದು ಬಿಟ್ಟು ಉಳಿದ 110 ಎಪಿಸೋಡೂ ಹೊಸದಾಗಿ ಸ್ಕ್ಯಾನ್ ಆಗಿವೆ.

ಈಗ ಮತ್ತೆ ಸೆಕೆಂಡ್ ಹ್ಯಾಂಡ್ ಡಿವಿಡಿ ಹುಡುಕುತ್ತಿದ್ದೇನೆ. ಮೊನ್ನೆ ಒಬ್ಬರು ಎರಡನೇ ಸೀಸನ್ ಒಂದಕ್ಕೇ 22 ಡಾಲರ್ ಕೇಳಿದರು. ಕೊಟ್ಟೆ. ಬಂದದ್ದರಲ್ಲಿ ಆರರ ಬದಲು ಐದೇ ಡಿಸ್ಕ್.

ಜಯನಗರದವ:
ನೀವೆಲ್ಲಾ ಹೊರದೇಶದಲ್ಲಿ ಕೂತು ಮಾತಾಡುತ್ತೀರಿ. ಇಲ್ಲಿಗೆ ತರಿಸಿದವನ ಪಾಡು ಕೇಳಿ. ಡಿಸೆಂಬರ್ 6ಕ್ಕೆ ಆರ್ಡರ್. ಸೆಟ್ಟಿಗೆ 9,100 ರೂಪಾಯಿ, ಕಳಿಸುವ ಖರ್ಚು 2,350. ಡಿಸೆಂಬರ್ 19ಕ್ಕೆ ಕಸ್ಟಮ್ಸ್‌ನಲ್ಲಿ ನಿಂತಿತು. ಗುರುತಿನ ಚೀಟಿ ಕಳಿಸಿ ಅಂದರು, ಕಳಿಸಿದೆ. ಬಿಲ್ ಕಳಿಸಿ ಅಂದರು, ಕಳಿಸಿದೆ. ಮತ್ತೆ ಬಿಲ್ ಕೇಳಿದರು. ಕೊನೆಗೆ ತೆರಿಗೆ, ಅದರ ಮೇಲೆ ಕೊರಿಯರ್‌ನವರ ಶುಲ್ಕ, ಎಲ್ಲಾ ಸೇರಿ 5,870. ಕೈಗೆ ಬಂದದ್ದು ಜನವರಿ 11. ಒಟ್ಟು 17,320 ರೂಪಾಯಿ, 36 ದಿನ.

ಪೆಟ್ಟಿಗೆ ಅಲ್ಲಾಡಿಸಿದರೆ ಒಳಗೆ ಕಟಕಟ ಸದ್ದು. ಮೂರನೇ ಸೀಸನ್ನಿನ ಒಂದು ಡಿಸ್ಕ್ ಹಿಡಿಯಿಂದ ಬಿಟ್ಟುಕೊಂಡು ದಾರಿಯುದ್ದಕ್ಕೂ ಉಜ್ಜಿದೆ. ಎರಡು ಎಪಿಸೋಡ್ ನಡುವೆ ನಿಂತುಹೋಗುತ್ತವೆ. ವಾಪಸ್ ಕಳಿಸುವ ಖರ್ಚು ನಿಮ್ಮದೇ ಅಂತ ಮಾರಿದವರು ಬರೆದರು. ಆ ಎರಡು ಎಪಿಸೋಡನ್ನು ಹಳೇ ಡಿವಿಡಿಯಲ್ಲೇ ನೋಡಿದೆ.

ಪ್ಲೇಯರ್ ಕಥೆ ಬೇರೆ. ಒಂದು ರೀಜನ್ನಿನ (ಪ್ರದೇಶದ) ಲಾಕ್ ಇರುವ ಡಿಸ್ಕ್ ಇನ್ನೊಂದರ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಬ್ಲೂ-ರೇಗೆ ನಾವು ರೀಜನ್ ಸಿ, ಅಮೆರಿಕ ಎ, ಇಂಗ್ಲೆಂಡ್ ಬಿ. 2004ರಲ್ಲಿ ಭಾವ ತಂದ ಅಮೆರಿಕದ ಡಿವಿಡಿ ನಮ್ಮ ಪ್ಲೇಯರ್‌ನಲ್ಲಿ ಓಡದೆ ಆರು ತಿಂಗಳು ಕಪಾಟಿನಲ್ಲಿ ಕೂತಿತ್ತು. ನಾವು ರೀಜನ್ 5, ಅವರದು 1. ಆ ಪಾಠ ಮರೆತಿಲ್ಲ. ಈ ಸಲ ಸೆಟ್ಟಿಗೆ ಲಾಕ್ ಇದೆಯಾ ಇಲ್ಲವಾ ಅಂತ ನೋಡಲೂ ಹೋಗಲಿಲ್ಲ. ಎಲ್ಲಾ ರೀಜನ್ ಓಡಿಸುವ ಪ್ಲೇಯರನ್ನು ಎಸ್‌ಪಿ ರೋಡ್‌ನಲ್ಲಿ ನಾಲ್ಕು ಶನಿವಾರ ಹುಡುಕಿ 14,500ಕ್ಕೆ ತಂದೆ. ನೆಂಟರು ಬರುತ್ತಿದ್ದರೆ ಕಣ್ಣು ಮುಚ್ಚಿಕೊಂಡು ಅವರ ಕೈಲಿ ತರಿಸಿ. ಅವರಿಗೇನು, ಸೂಟ್‌ಕೇಸ್‌ನಲ್ಲಿ ಒಂದು ಮೂಲೆ.

ಎಡಿಸನ್ ಕನ್ನಡತಿ:
ಒಂದು ಮೂಲೆಯಾ? ಜಯನಗರದವರೇ, ಒಂದು ಸೂಟ್‌ಕೇಸಿಗೆ 23 ಕೆಜಿ. ಎರಡು ವರ್ಷಕ್ಕೊಮ್ಮೆ ಬರುತ್ತೇವೆ. ಅತ್ತೆಗೆ ಮಾತ್ರೆ, ಮಾವನಿಗೆ ಶೂ, ನಾದಿನಿ ಮಕ್ಕಳಿಗೆ ಚಾಕೊಲೇಟ್. ಅದರ ಮೇಲೆ ಓರಗಿತ್ತಿಯ ತಮ್ಮನ ಸ್ನೇಹಿತನ ಲ್ಯಾಪ್‌ಟಾಪ್. ಹೋದ ಸಲ ನನ್ನದೇ ಬಟ್ಟೆ ಎರಡು ಜೊತೆ ವಿಮಾನ ನಿಲ್ದಾಣದಲ್ಲಿ ತೆಗೆದು ಗಂಡನ ಕೈಚೀಲಕ್ಕೆ ತುರುಕಿದೆ. ತೂಕ ಒಂದೂವರೆ ಕೆಜಿ ಜಾಸ್ತಿ ಬಂದಿತ್ತು. ತರಿಸಿಕೊಂಡವರು ದುಡ್ಡು ಕೊಡುತ್ತಾರಾ? ನಮಗೂ ಕೇಳಲು ಸಂಕೋಚ. ಒಬ್ಬರ 180 ಡಾಲರ್ 2019ರಿಂದ ಬಾಕಿ ಇದೆ.

ನಾನೂ ಇದೇ ಸರಣಿ ನೋಡಿ ಬೆಳೆದವಳು. ಬೇಡ ಅನ್ನುತ್ತಿಲ್ಲ. ತರುವವರನ್ನು ಮೊದಲೇ ಕೇಳಿ, ದುಡ್ಡು ಮೊದಲೇ ಕಳಿಸಿ. ಅಷ್ಟೇ.

ಜಯನಗರದವ:
ಮೇಡಂ, ನನಗೆ ಯಾರೂ ಏನೂ ತಂದುಕೊಟ್ಟಿಲ್ಲ. ಭಾವ ತಂದ ಡಿವಿಡಿಗೂ ಪೂರ್ತಿ ದುಡ್ಡು ಕೊಟ್ಟಿದ್ದೇನೆ. ನಿಮ್ಮ ನೆಂಟರ ಸಿಟ್ಟು ನನ್ನ ಮೇಲೆ ಯಾಕೆ?

ದಾವಣಗೆರೆಯವ:
ಚಿತ್ರದ ವಿಷಯ ಯಾರೂ ಹೇಳುತ್ತಿಲ್ಲ. ನಾನು 55 ಇಂಚಿನ ಟಿವಿ ತಗೊಂಡೆ, ಈ ಸೆಟ್ ತರಿಸಿದೆ. ಹಾಕಿದರೆ ಎರಡೂ ಪಕ್ಕ ಕಪ್ಪು ಪಟ್ಟಿ. ಡಿವಿಡಿಯಲ್ಲಿ ಅಗಲ ಪರದೆ ತುಂಬಾ ಬರುತ್ತಿತ್ತಲ್ಲ? ಹೊಸದರಲ್ಲಿ ಚೌಕ ಮಾಡಿದ್ದು ಯಾಕೆ? ನನಗೆ ಮೋಸ ಹೋದ ಹಾಗೆ ಆಯಿತು. ನಾನಂತೂ ಡಿವಿಡಿಗೇ ವಾಪಸ್ ಹೋಗಿದ್ದೇನೆ.

ಫ್ರೀಮಾಂಟ್ ಭಟ್ಟ:
ಮೋಸ ಅಲ್ಲ. ನಟರ ದೃಶ್ಯಗಳನ್ನು ಸೂಪರ್ 35 ಫಿಲ್ಮ್‌ನಲ್ಲಿ ತೆಗೆದರು, ಮುಂದೆ ಅಗಲ ಪರದೆಗೆ ಬರಲಿ ಅಂತ. ಆದರೆ ಬಾಹ್ಯಾಕಾಶದ ಹಡಗು, ಯುದ್ಧ, ನಿಲ್ದಾಣ ಎಲ್ಲಾ ಮೊದಮೊದಲು ಅಮಿಗಾ ಕಂಪ್ಯೂಟರ್ ಮತ್ತು ಅದಕ್ಕೆ ಸೇರಿಸುವ ವಿಡಿಯೋ ಟೋಸ್ಟರ್ ಅನ್ನುವ ಗ್ರಾಫಿಕ್ಸ್ ಸಲಕರಣೆ ಇಟ್ಟುಕೊಂಡು 4:3 ಅಳತೆಯಲ್ಲೇ, ಅಂದರೆ ಹಳೇ ಟಿವಿಯ ಚೌಕದಲ್ಲೇ ಮಾಡಿದ್ದು. 1993ರ ಪೈಲಟ್ಟಿಗೆ ಆ ಕೆಲಸಕ್ಕೇ ಎಮ್ಮಿ ಪ್ರಶಸ್ತಿ ಬಂತು. ಡಿವಿಡಿಯವರು ಪರದೆ ತುಂಬಿಸಲು ಆ ದೃಶ್ಯಗಳನ್ನು ಮೇಲೂ ಕೆಳಗೂ ಕತ್ತರಿಸಿ ಎಳೆದರು. ನಟರು ಮಾತಾಡುವಾಗ ಚೆನ್ನಾಗಿರುತ್ತದೆ. ಹಡಗು ಬಂದ ಕೂಡಲೇ ಮಸುಕು. ನಟನ ಪಕ್ಕದಲ್ಲಿ ಒಂದು ಕಂಪ್ಯೂಟರ್ ಕಿಟಕಿ ಇದ್ದರೂ ಆ ಇಡೀ ದೃಶ್ಯ ಮಸುಕು. ಇಪ್ಪತ್ತು ವರ್ಷ ಅದನ್ನೇ ಸಹಿಸಿದೆವು.

ದಾವಣಗೆರೆಯವ:
ನನ್ನ ಕಣ್ಣಿಗೆ ಮಸುಕು ಕಾಣಲಿಲ್ಲ. ಡಿವಿಡಿಯಲ್ಲಿ ಪಕ್ಕದಲ್ಲಿ ನಿಂತ ಗಾರಿಬಾಲ್ಡಿ ಕಾಣುತ್ತಾನೆ. ಹೊಸದರಲ್ಲಿ ಅವನ ಭುಜ ಮಾತ್ರ. ದುಡ್ಡು ಕೊಟ್ಟವನು ನಾನು. ನನಗೆ ಏನು ಕಾಣಬೇಕು ಅಂತ ನೀವು ಹೇಳಬೇಡಿ.

ಕ್ರಾಯ್ಡನ್ ಅಕ್ಕ:
ಚೌಕದಲ್ಲೇ ನೋಡಿ ಪ್ರೀತಿಸಿದವರು ನಾವು. 1994ರಲ್ಲಿ ನನ್ನ ಟಿವಿ 14 ಇಂಚು, ಅದೂ ಬಾಡಿಗೆಗೆ. ನೀವು 55 ಇಂಚಿನ ದುಃಖ ಹೇಳುತ್ತಿದ್ದೀರಿ.

ದಾವಣಗೆರೆಯವ:
ನೀವು ಕಷ್ಟಪಟ್ಟಿರಿ ಅಂತ ನಾನೂ ಪಡಬೇಕಾ?

ಸಿಂಕ್ಲೇರ್ ಅಭಿಮಾನಿ:
ನಾನು ಹೇಳಬೇಕಾದ್ದು ಒಂದೇ. ಮಗಳಿಗೆ ಮೊದಲನೇ ಸೀಸನ್ ಬಿಟ್ಟು ತೋರಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನನ್ನ ತಮ್ಮ ಹಾಗೆ ಮಾಡಿದ. ಎರಡನೇ ಸೀಸನ್ನಿಂದ ಶುರು ಮಾಡು, ಮೊದಲನೆಯದು ಬೋರು ಅಂತ ಆಫೀಸಿನಲ್ಲಿ ಯಾರೋ ಹೇಳಿದ್ದರಂತೆ. ಎಂಟು ಎಪಿಸೋಡ್ ನೋಡಿ, ಯಾರು ಯಾರೋ ಗೊತ್ತಾಗುವುದಿಲ್ಲ ಅಂತ ನಿಲ್ಲಿಸಿದ. ನಾನು ಹುಟ್ಟುಹಬ್ಬಕ್ಕೆ ಕೊಟ್ಟ ಸೆಟ್ ಅದು. ಹತ್ತು ವರ್ಷ ಹಾಗೇ ಇತ್ತು.

ಮೊದಲನೇ ಸೀಸನ್ನಿನ ನಾಯಕ ಸಿಂಕ್ಲೇರ್ ಪಾತ್ರದ ಮೈಕೆಲ್ ಒ'ಹೇರ್ ಮರದ ಹಾಗೆ ನಟಿಸುತ್ತಾರೆ ಅಂತ ನಾನೂ ಒಂದು ಕಾಲಕ್ಕೆ ಹೇಳಿದವನೇ. ಅವರಿಗೆ ತೀವ್ರ ಮಾನಸಿಕ ಕಾಯಿಲೆ ಇತ್ತು. ಚಿತ್ರೀಕರಣ ನಿಲ್ಲಿಸುತ್ತೇನೆ ಅಂತ ಸ್ಟ್ರಾಜಿನ್ಸ್ಕಿ ಹೇಳಿದರೂ, ಉಳಿದವರ ಕೆಲಸ ಹೋಗಬಾರದು ಅಂತ ಸೀಸನ್ ಮುಗಿಸಿಕೊಟ್ಟರು. ಅವರು ತೀರಿಕೊಂಡದ್ದು 2012ರಲ್ಲಿ. ಅಲ್ಲಿಯವರೆಗೂ ಸ್ಟ್ರಾಜಿನ್ಸ್ಕಿ ಗುಟ್ಟು ಬಿಡಲಿಲ್ಲ. 2013ರಲ್ಲಿ ಹೇಳಿದರು. ಅದನ್ನು ಓದಿದ ಮೇಲೆ ಮೊದಲನೇ ಸೀಸನ್ ಮತ್ತೆ ಹಾಕಿದೆ. ಆ ಮುಖ ಈಗ ಬೇರೆಯೇ ಕಾಣುತ್ತದೆ.

ಜಯನಗರದವ:
ಅದು ಸರಿ. ಆದರೆ ಐದನೇ ಸೀಸನ್ನಿನ ಮೊದಲ ಅರ್ಧ ಎಳೆದಿದ್ದಾರೆ, ಒಪ್ಪಿಕೊಳ್ಳಿ. ನಾಲ್ಕಕ್ಕೇ ನಿಂತುಹೋಗುತ್ತದೆ ಅಂತ ಕಥೆಯನ್ನೆಲ್ಲಾ ಒತ್ತಿ ತುಂಬಿದರು. ಆಮೇಲೆ ಟಿಎನ್‌ಟಿ ಚಾನೆಲ್ ಬಂದು ಉಳಿಸಿತು. ಕೊನೆಯ ಎಪಿಸೋಡ್ ನಾಲ್ಕನೇ ಸೀಸನ್ನಿನಲ್ಲೇ ತೆಗೆದಿಟ್ಟಿದ್ದರು. ಅದರಲ್ಲಿ ಕೊನೆಗೆ ಏನಾಗುತ್ತದೆ ಅಂದರೆ

ಕ್ರಾಯ್ಡನ್ ಅಕ್ಕ:
ತೆಗೀರಿ ಅದನ್ನ! ಅವರ ಮಗಳು ಇನ್ನೂ ನೋಡಿಲ್ಲ. ಪೋಸ್ಟಿನಲ್ಲೇ ಬರೆದಿದ್ದಾರೆ.

ಜಯನಗರದವ:
ಉಳಿದ ಸಾಲು ಅಳಿಸಿದ್ದೇನೆ. ತಪ್ಪಾಯಿತು. ನಾನು ಆ ಎಪಿಸೋಡ್ ನೋಡಿದ್ದು ಅಪ್ಪ ತೀರಿಕೊಂಡ ವರ್ಷ. ಅದಕ್ಕೇ ಮಾತು ಬಂದರೆ ನಿಲ್ಲುವುದಿಲ್ಲ.

ಎಡಿಸನ್ ಕನ್ನಡತಿ:
ಜಯನಗರದವರೇ, ನಾನೂ ಜೋರಾಗಿ ಮಾತಾಡಿದೆ. ನಿಮಗೆ ಬೇಕಾದ ಆ ಒಂದು ಡಿಸ್ಕ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಹೇಳಿ. ಒಂದು ಡಿಸ್ಕ್ ತಂದರೆ ತೂಕ ಆಗುವುದಿಲ್ಲ. ಜುಲೈಗೆ ಬರುತ್ತೇನೆ.

ಹಳೇಡಿಸ್ಕ್, ಬೆಂಗಳೂರು:
ಎಲ್ಲರಿಗೂ ಥ್ಯಾಂಕ್ಸ್. ಚಿಕ್ಕಪ್ಪನ ಮಗನಿಗೆ ಇವತ್ತೇ ದುಡ್ಡು ಕಳಿಸಿದೆ. ಡಿವಿಡಿ ಮಾರುವುದಿಲ್ಲ. ಇದನ್ನೆಲ್ಲಾ ಓದಿ ಕಪಾಟು ತೆಗೆದು ನೋಡಿದೆ, ನಾಲ್ಕನೇ ಸೀಸನ್ನಿನ ಎರಡು ಡಿಸ್ಕ್ ಆಗಲೇ ಓಡುತ್ತಿಲ್ಲ. ಪ್ಲೇಯರ್ ಎಸ್‌ಪಿ ರೋಡ್‌ನಲ್ಲಿ ಯಾವ ಅಂಗಡಿ, ಸ್ವಲ್ಪ ಮೆಸೇಜ್ ಮಾಡ್ತೀರಾ? ಮತ್ತೆ, ಪೈಲಟ್ ಮೊದಲು ತೋರಿಸಲಾ, ನಾಲ್ಕೈದು ಎಪಿಸೋಡ್ ಆದ ಮೇಲೆ ತೋರಿಸಲಾ?

ಸಿಂಕ್ಲೇರ್ ಅಭಿಮಾನಿ:
ಮೊದಲು.

ದಾವಣಗೆರೆಯವ:
ಮೊದಲು ಬೇಡ. ನನ್ನ ಹೆಂಡತಿಗೆ ಮೊದಲು ತೋರಿಸಿದೆ. ಅರ್ಧಕ್ಕೇ ಎದ್ದು ಹೋದವಳು ಇವತ್ತಿಗೂ ವಾಪಸ್ ಬಂದು ಕೂತಿಲ್ಲ.