ಜೆಕ್ಯೂ1 ಹಾಕಿದರೆ ಐಎಲ್-17 ಇಳಿಯುತ್ತೆ, ಎಚ್3ಕೆ27ಎಸಿ ಮಾತ್ರ ಅಲ್ಲಾಡಲ್ಲ. ಯಾಕೆ?

ಪ್ರಶ್ನೆ · ಹದಿನೇಳನೇ_ಕೋಶ

ಮನುಷ್ಯರ ರಕ್ತದಿಂದ ಬೇರ್ಪಡಿಸಿದ ನೈವ್ ಸಿಡಿ4 ಕೋಶಗಳು (ಇನ್ನೂ ಯಾವ ಪಾತ್ರಕ್ಕೂ ತಿರುಗದ ಟಿ ಕೋಶಗಳು, ಬಿಳಿರಕ್ತಕಣದ ಒಂದು ಬಗೆ). ಕೋಶ ಎಬ್ಬಿಸುವ ಸಿಡಿ3/ಸಿಡಿ28 ಬೀಡ್ಸ್ ಜೊತೆಗೆ ಐಎಲ್-1 ಬೀಟಾ, ಐಎಲ್-6, ಐಎಲ್-23, ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನ್ ಕೊಟ್ಟು ಟಿಎಚ್17 (ಉರಿಯೂತದ ಪ್ರೋಟೀನ್ ಐಎಲ್-17 ಸುರಿಸುವ ಟಿ ಕೋಶ) ಕಡೆಗೆ ತಿರುಗಿಸೋದು. ಮೊದಲ ದಿನವೇ 500 ನ್ಯಾನೊಮೋಲಾರ್ ಜೆಕ್ಯೂ1 (ಬಿಇಟಿ ಎಂಬ ಪ್ರೋಟೀನ್ ಗುಂಪನ್ನು ತಡೆಯುವ ಅಣು). ಆರನೇ ದಿನ ಎಲಿಸಾ (ಪ್ರೋಟೀನ್ ಅಳೆಯುವ ಪರೀಕ್ಷೆ) ಮಾಡಿದರೆ ಐಎಲ್-17ಎ ಬರೀ ಡಿಎಂಎಸ್‌ಒ (ಔಷಧ ಕರಗಿಸುವ ದ್ರವ) ಹಾಕಿದ ವೆಲ್‌ನ ಕಾಲುಭಾಗ. ಆದರೆ ಅದರ ಜೀನಿನ ಪ್ರೊಮೋಟರ್ (ಜೀನ್ ಚಾಲೂ ಮಾಡುವ ಭಾಗ) ಮೇಲೆ ಎಚ್3ಕೆ27ಎಸಿ (ಚಾಲೂ ಜೀನ್‌ಗಳ ಹಿಸ್ಟೋನ್ ಪ್ರೋಟೀನ್ ಮೇಲಿನ ಅಸಿಟೈಲ್ ಗುರುತು) ಎಷ್ಟಿದೆ ಅಂತ ಚಿಪ್ (ಡಿಎನ್‌ಎ ಮೇಲೆ ಎಲ್ಲಿ ಏನಿದೆ ಅಂತ ನೋಡುವ ವಿಧಾನ) ಮಾಡಿದರೆ ಎರಡರಲ್ಲೂ ಒಂದೇ ಮಟ್ಟ. ಹಾಗಾದರೆ ಔಷಧ ಕ್ರೊಮಾಟಿನ್ (ಹಿಸ್ಟೋನ್‌ಗೆ ಸುತ್ತಿದ ಡಿಎನ್‌ಎ) ಮೇಲೆ ಕೆಲಸ ಮಾಡ್ತಿಲ್ಲವೇ? ಇನ್ನೊಂದು: ಫಾಕ್ಸ್‌ಪಿ3 ಇರುವ ಕೋಶಗಳ ಪಾಲು ಹೆಚ್ಚಿದೆ. ಅದು ಟ್ರೆಗ್ (ಪ್ರತಿರಕ್ಷೆಗೆ ಕಡಿವಾಣ ಹಾಕುವ ಟಿ ಕೋಶ) ಗುರುತಿನ ಪ್ರೋಟೀನ್, ಹಾಗಾಗಿ ಟ್ರೆಗ್ ಆಗಿವೆ ಅಂತ ಬರೆಯಬಹುದೇ?

ಉತ್ತರ 1 · ಕ್ರೊಮಾಟಿನ್_ಕಡ್ಡಿ

ನಿಮ್ಮ ಚಿಪ್ ಸರಿಯಾಗೇ ಇದೆ, ಕೇಳಿದ ಪ್ರಶ್ನೆ ಬೇರೆ ಆಗಿದೆ. ಜೆಕ್ಯೂ1 ಅಸಿಟೈಲ್ ಗುರುತನ್ನು ಅಳಿಸಲ್ಲ, ಅದನ್ನು ಓದುವವನ ಕಣ್ಣು ಕಟ್ಟುತ್ತೆ. ಬಿಇಟಿ ಗುಂಪಿನ ಬಿಆರ್‌ಡಿ4 ಪ್ರೋಟೀನ್ ತನ್ನ ಬ್ರೋಮೊಡೊಮೇನ್‌ನಿಂದ ಅಸಿಟೈಲ್ ಇರುವ ಹಿಸ್ಟೋನ್ ಹಿಡಿಯೋ ಜಾಗದಲ್ಲೇ ಈ ಅಣು ಹೋಗಿ ಕೂರೋದು. ಗುರುತು ಅಲ್ಲೇ ಇರುತ್ತೆ, ಬಿಆರ್‌ಡಿ4 ಜಾರಿಹೋಗುತ್ತೆ. ನೋಡಬೇಕಾದ್ದು ಬಿಆರ್‌ಡಿ4 ಅನ್ನೇ.

ಅದಕ್ಕೆ ಕಟ್-ಅಂಡ್-ರನ್ (ಕಡಿಮೆ ಕೋಶದಲ್ಲಿ ಆಗುವ, ಚಿಪ್‌ನಂಥ ವಿಧಾನ) ಸಾಕು. ಎಚ್3ಕೆ27ಎಸಿಗೆ ಒಂದು ಲಕ್ಷ ಕೋಶ ಸಾಲುತ್ತೆ, ಬಿಆರ್‌ಡಿ4ಗೆ ಐದು ಲಕ್ಷ ಇಟ್ಟುಕೊಳ್ಳಿ. ಐಜಿಜಿ ಕಂಟ್ರೋಲ್ (ಗುರಿಯಿಲ್ಲದ ಪ್ರತಿಕಾಯ ಹಾಕಿದ ಟ್ಯೂಬ್) ಬಿಡಬೇಡಿ. ಎಲ್ಲಾ ಟ್ಯೂಬಿಗೂ ಒಂದೇ ಅಳತೆಯ ಇ. ಕೋಲಿ ಡಿಎನ್‌ಎ ಸ್ಪೈಕ್-ಇನ್ (ಹೋಲಿಕೆಗೆ ಹೊರಗಿನ ಅಳತೆಗೋಲು) ಹಾಕಿ. ಬಿಆರ್‌ಡಿ4 ಜಿನೋಮ್ ಪೂರ್ತಿ ಇಳಿದಾಗ, ಒಟ್ಟು ರೀಡ್ಸ್‌ಗೆ (ಯಂತ್ರ ಓದಿದ ಡಿಎನ್‌ಎ ತುಣುಕುಗಳ ಸಂಖ್ಯೆಗೆ) ಭಾಗಿಸಿ ಸರಿದೂಗಿಸಿದರೆ ಆ ಇಳಿತವೇ ಮಾಯವಾಗುತ್ತೆ.

ಆರು ದಿನ ಔಷಧದಲ್ಲಿ ನೆನೆದ ಕೋಶದಲ್ಲಿ ಯಾವುದು ನೇರ ಪರಿಣಾಮ, ಯಾವುದು ಅದರ ಬಾಲ ಅಂತ ಹೇಳೋಕಾಗಲ್ಲ. ಟಿಎಚ್17 ಆದ ಮೇಲೆ 1–2 ಗಂಟೆ ಮಾತ್ರ ಔಷಧ ಕೊಟ್ಟು, ಇಂಟ್ರಾನ್ (ಹೊಸ ಆರ್‌ಎನ್‌ಎಯಲ್ಲಿದ್ದು ಆಮೇಲೆ ಕತ್ತರಿಸಿಹೋಗುವ ಭಾಗ) ಮೇಲೆ ಕೂರುವ ಪ್ರೈಮರ್‌ನಿಂದ ಹೊಸ ಆರ್‌ಎನ್‌ಎ ಅಳೆಯಿರಿ. ಹಳೇ ಎಂಆರ್‌ಎನ್‌ಎ ಅಷ್ಟು ಬೇಗ ಕರಗಲ್ಲ, ಎಕ್ಸಾನ್ (ಕತ್ತರಿಸದೆ ಉಳಿಯುವ ಭಾಗ) ಪ್ರೈಮರ್ ಅದನ್ನೂ ಎಣಿಸುತ್ತೆ. ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ಹಾಕಿ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ಟ್ಯೂಬನ್ನೂ ಓಡಿಸಿ, ಇಲ್ಲವಾದರೆ ಇಂಟ್ರಾನ್ ಸಿಗ್ನಲ್ ಜಿನೋಮಿನದೇ ಇರಬಹುದು.

ಉತ್ತರ 2 · ಪಿಪೆಟ್_ಪಂಡಿತ

ನನಗೆ ಅನುಮಾನ ಇರೋದು ಆ ಕಾಲುಭಾಗದ ಮೇಲೆ. ಜೆಕ್ಯೂ1ನಂಥ ಬಿಇಟಿ ತಡೆಗಳು ಕೋಶ ವಿಭಜನೆಗೆ ಬೇಕಾದ ಮಿಕ್ ಜೀನನ್ನೂ ಇಳಿಸುತ್ತವೆ, ಟಿ ಕೋಶಗಳ ವಿಭಜನೆ ನಿಧಾನವಾಗುತ್ತೆ. ವೆಲ್‌ನಲ್ಲಿ ಕೋಶಗಳೇ ಕಾಲುಭಾಗ ಉಳಿದಿದ್ದರೆ ಎಲಿಸಾ ಹೇಳ್ತಿರೋದು ಅಷ್ಟನ್ನೇ. ಬೀಡ್ಸ್ ಹಾಕುವ ಮೊದಲು ಸೆಲ್‌ಟ್ರೇಸ್ ಬಣ್ಣ (ಪ್ರತಿ ವಿಭಜನೆಗೂ ಅರ್ಧವಾಗುವಂಥದ್ದು) ಕೊಡಿ. ಆರನೇ ದಿನ ಕೋಶ ಕೆರಳಿಸುವ ಪಿಎಂಎ, ಅಯೊನೊಮೈಸಿನ್, ಐಎಲ್-17 ಹೊರಹೋಗದಂತೆ ತಡೆಯುವ ಬ್ರೆಫೆಲ್ಡಿನ್ ಹಾಕಿ 4–5 ಗಂಟೆ ಬಿಟ್ಟು, ಸತ್ತ ಕೋಶಗಳ ಬಣ್ಣದ ಜೊತೆ ಒಳಗಿನ ಐಎಲ್-17ಎ ನೋಡಿ. ಮೂರು ಸಲ ವಿಭಜನೆಯಾದ ಕೋಶವನ್ನು ಮೂರು ಸಲ ಆದದ್ದರ ಜೊತೆಗೇ ಹೋಲಿಸಿ. ಅಲ್ಲೂ ಇಳಿದಿದ್ದರೆ ನಂಬಬಹುದು.

ಜೊತೆಗೆ ಜೆಕ್ಯೂ1ರ ಕನ್ನಡಿ ರೂಪ, ಅಂದರೆ ಮೈನಸ್ ಜೆಕ್ಯೂ1, ಅದೇ ಪ್ರಮಾಣದಲ್ಲಿ ಬೇಕೇ ಬೇಕು. ಅದು ಬಿಇಟಿಗೆ ಹಿಡಿಯಲ್ಲ. ಅದರಲ್ಲೂ ಐಎಲ್-17 ಇಳಿದರೆ ಗುರಿ ಬೇರೆಲ್ಲೋ ಇದೆ.

ದುರ್ಬಲಗೊಳಿಸೋದರಲ್ಲೂ ಎಡವುತ್ತಾರೆ. 10 ಮಿಲಿಮೋಲಾರ್ ಸ್ಟಾಕ್‌ನಿಂದ 500 ನ್ಯಾನೊಮೋಲಾರ್ ಅಂದರೆ 20,000 ಪಟ್ಟು. ನೇರ ಮೀಡಿಯಾಗೆ ಹಾಕಬೇಡಿ. ಮೊದಲು ಡಿಎಂಎಸ್‌ಒದಲ್ಲೇ 20 ಪಟ್ಟು, ಆಮೇಲೆ ಮೀಡಿಯಾದಲ್ಲಿ 1000 ಪಟ್ಟು. ಆಗ ಎಲ್ಲಾ ವೆಲ್‌ನಲ್ಲೂ ಡಿಎಂಎಸ್‌ಒ 0.1% ನಿಲ್ಲುತ್ತೆ. ಒಂದೇ ಪ್ರಮಾಣ ನೆಚ್ಚಿಕೊಳ್ಳದೆ ಮೂರು ಪಟ್ಟು ಇಳಿಸುತ್ತಾ ಎಂಟು ಹಂತ ಮಾಡಿ. ಕೋಶ ಸಾಯುವ ರೇಖೆ, ಐಎಲ್-17ರ ರೇಖೆ ಒಂದರ ಮೇಲೊಂದು ಬಿದ್ದರೆ ಈ ಕೆಲಸ ಅಲ್ಲಿಗೇ ಕೈಬಿಡಿ.

ಉತ್ತರ 3 · ಸಿಪಿಜಿ

ಟ್ರೆಗ್ ಅಂತ ಬರೆಯಬೇಡಿ. ಮನುಷ್ಯರ ಸಿಡಿ4 ಕೋಶ ಉತ್ತೇಜನ ಸಿಕ್ಕ ಕೂಡಲೇ ಸ್ವಲ್ಪ ಕಾಲ ಫಾಕ್ಸ್‌ಪಿ3 ತೋರಿಸುತ್ತೆ, ನೀವು ಟಿಜಿಎಫ್-ಬೀಟಾ ಬೇರೆ ಕೊಟ್ಟಿದ್ದೀರಿ. ಸ್ಥಿರವಾದ ಟ್ರೆಗ್‌ನಲ್ಲಿ ಆ ಜೀನಿನ ಟಿಎಸ್‌ಡಿಆರ್ ಎಂಬ ನಿಯಂತ್ರಣ ಭಾಗದಿಂದ ಮಿಥೈಲ್ (ಜೀನ್ ಸುಮ್ಮನಿರಿಸುವ ರಾಸಾಯನಿಕ ಗುರುತು) ಕಳಚಿರುತ್ತೆ, ತಟ್ಟೆಯಲ್ಲಿ ಹುಟ್ಟಿದವುಗಳಲ್ಲಿ ಸಾಮಾನ್ಯವಾಗಿ ಕಳಚಿರಲ್ಲ. ಬೈಸಲ್ಫೈಟ್ (ಮಿಥೈಲ್ ಪತ್ತೆಹಚ್ಚುವ ವಿಧಾನ) ಮಾಡಿ ಆ ಭಾಗ ಓದಿಸಿ. ದಾನಿ ಹೆಂಗಸೋ ಗಂಡಸೋ ಬರೆದಿಟ್ಟುಕೊಳ್ಳಿ: ಫಾಕ್ಸ್‌ಪಿ3 ಇರೋದು ಎಕ್ಸ್ ಕ್ರೋಮೋಸೋಮ್ ಮೇಲೆ. ಹೆಂಗಸರಲ್ಲಿ ಸುಮ್ಮನಾದ ಎಕ್ಸ್‌ನ ಪ್ರತಿ ಮಿಥೈಲ್ ಹೊತ್ತೇ ಇರುತ್ತೆ, ಅಪ್ಪಟ ಟ್ರೆಗ್‌ನಲ್ಲೂ ಮಿಥೈಲ್ ಕಳಚಿದ ಪಾಲು 50% ಆಸುಪಾಸಿನಲ್ಲೇ ನಿಲ್ಲುತ್ತೆ. ಹೆಂಗಸರ ಸ್ಯಾಂಪಲ್‌ನಲ್ಲಿ ಬಂದ ಆ ಅಂಕಿಯನ್ನು ಎರಡರಿಂದ ಗುಣಿಸಿ. ಗಂಡಸರ, ಹೆಂಗಸರ ಸ್ಯಾಂಪಲ್ ಬೆರೆಸಿ ಸರಾಸರಿ ತೆಗೆದರೆ ಲೆಕ್ಕ ಕೆಡುತ್ತೆ.

ಹದಿನೇಳನೇ_ಕೋಶ

ಎಲ್ಲರಿಗೂ ಧನ್ಯವಾದ. ಪಿಎಂಎ ಹಾಕುವಾಗ ಜೆಕ್ಯೂ1 ತೊಳೆಯಬೇಕೋ ಬಿಡಬೇಕೋ? ಇದನ್ನು ಔಷಧದ ಕಡೆ ಒಯ್ಯೋದಾದರೆ ಇದೇ ಅಣುವೇ?

ಕ್ರೊಮಾಟಿನ್_ಕಡ್ಡಿ

ಜೆಕ್ಯೂ1 ಪ್ರಯೋಗಶಾಲೆಯ ಉಪಕರಣ, ಔಷಧ ಅಲ್ಲ. ಇಲಿಯ ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು ಒಂದು ಗಂಟೆ. ಬಿಇಟಿ ಪ್ರೋಟೀನಿನ ಎರಡೂ ಬ್ರೋಮೊಡೊಮೇನ್ ಮುಚ್ಚುವ ಅಣುಗಳಿಗೆ ರೋಗಿಗಳಲ್ಲಿ ಪ್ಲೇಟ್‌ಲೆಟ್ ಇಳಿಯುವ ತೊಂದರೆ ಇದೆ. ಕ್ಯಾನ್ಸರ್‌ನಲ್ಲಿ ಸಹಿಸಬಹುದು, ವರ್ಷಗಟ್ಟಲೆ ಮಾತ್ರೆ ನುಂಗುವ ಸೋರಿಯಾಸಿಸ್ ರೋಗಿಗೆ ಕಷ್ಟ. ಎರಡನೇ ಬ್ರೋಮೊಡೊಮೇನ್ ಮಾತ್ರ ಹಿಡಿಯುವ ಜಿಎಸ್‌ಕೆ046 ಒಂದು ಪ್ಲೇಟಿನಲ್ಲಿ ಇಡಿ. 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಕೆಲಸದ ಪ್ರಕಾರ, ಉರಿಯೂತದ ಕರೆಗೆ ತಟ್ಟನೆ ಏಳುವ ಜೀನ್‌ಗಳಿಗೆ ಮುಖ್ಯವಾಗಿ ಬೇಕಾದದ್ದು ಆ ಎರಡನೆಯದೇ.

ತೊಳೆಯೋ ವಿಷಯ: ಇದರ ಹಿಡಿತ ಬಿಟ್ಟುಹೋಗುವಂಥದ್ದು. ತೊಳೆದು ಪಿಎಂಎ ಹಾಕಿದರೆ ಬಿಆರ್‌ಡಿ4 ಆ ಗಂಟೆಗಳಲ್ಲೇ ವಾಪಸ್ ಬರಬಹುದು. ಎರಡೂ ಮಾಡಿ. ತೊಳೆದ ಮೇಲೂ ಐಎಲ್-17 ಏಳದಿದ್ದರೆ ಕೋಶ ಟಿಎಚ್17 ಆಗಲೇ ಇಲ್ಲ; ಎದ್ದರೆ ಆಗಿತ್ತು, ಬಾಯಿ ಮಾತ್ರ ಮುಚ್ಚಿತ್ತು.