ಪ್ರಶ್ನೋತ್ತರ: 1968ರ ಜಾವಾ 250ಕ್ಕೆ ಯಾವ ಬ್ಯಾಟರಿ ಸೂಕ್ತ?

ಪ್ರಶ್ನೆ (ಹಾಸನದ ಸದಸ್ಯರು): ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ, ನಮ್ಮ ತಂದೆಯವರು ಓಡಿಸುತ್ತಿದ್ದ 1968ರ ಜಾವಾ 250 ಗಾಡಿಯನ್ನು ರಿಪೇರಿ ಮಾಡಿಸಿ ಮತ್ತೆ ರಸ್ತೆಗಿಳಿಸಿದ್ದೇನೆ. ಡೈನಮೊ, ಪಾಯಿಂಟ್, ಆರು ವೋಲ್ಟಿನ ವೈರಿಂಗ್ ಎಲ್ಲವೂ ಮೂಲದಂತೆಯೇ ಇವೆ. ಈಗಿರುವ ಬ್ಯಾಟರಿ ಚಾರ್ಜ್ ಹಿಡಿಯುತ್ತಿಲ್ಲ. ಎಮರ್ಜೆನ್ಸಿ ಲ್ಯಾಂಪಿಗೆ ಬಳಸುವ 4.5 ಆಂಪಿಯರ್-ಅವರ್‌ನ ಸೀಲ್ಡ್ ಬ್ಯಾಟರಿಯೇ ಸಾಕು ಎಂದು ಅಂಗಡಿಯವರು, ಲಿಥಿಯಂ ಹಾಕಿಸಿ ಎಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ. ಯಾವುದನ್ನು ಕೊಳ್ಳಲಿ?

ಉತ್ತರ (ಆಟೊ ಎಲೆಕ್ಟ್ರಿಷಿಯನ್): ಎರಡೂ ಬೇಡ. 12ರಿಂದ 14 ಆಂಪಿಯರ್-ಅವರ್ ಸಾಮರ್ಥ್ಯದ, ಆಸಿಡ್ ತುಂಬುವ ಮಾಮೂಲಿ ಆರು ವೋಲ್ಟಿನ ಬ್ಯಾಟರಿಯನ್ನೇ ಕೊಳ್ಳಿ. ಕಿಕ್ ಹೊಡೆದು ಸ್ಟಾರ್ಟ್ ಮಾಡುವ ಗಾಡಿಗೆ ಸಣ್ಣ ಬ್ಯಾಟರಿ ಸಾಕೆಂಬ ಲೆಕ್ಕ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಜಾವಾದಲ್ಲಿ ಪ್ಲಗ್ಗಿನ ಕಿಡಿಗೆ ಬೇಕಾದ ಕರೆಂಟೂ ಬ್ಯಾಟರಿಯಿಂದಲೇ ಬರುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೊದ ವೋಲ್ಟೇಜ್ ಸಾಲದೆ ಕಟ್‌ಔಟ್ (ಡೈನಮೊವನ್ನು ಬ್ಯಾಟರಿಗೆ ಜೋಡಿಸುವ ಸ್ವಿಚ್) ಬಿಟ್ಟುಕೊಳ್ಳುತ್ತದೆ, ಕೆಂಪು ದೀಪ ಹತ್ತುತ್ತದೆ. ಆ ಹೊತ್ತಿನಲ್ಲಿ ಕಿಡಿ ಹುಟ್ಟಿಸುವ ಕಾಯಿಲ್, ಹೆಡ್‌ಲೈಟ್, ಹಾರ್ನ್ ಎಲ್ಲವನ್ನೂ ಬ್ಯಾಟರಿಯೊಂದೇ ಹೊರಬೇಕು. 35 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಆರು ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಕಾಯಿಲ್ ಮತ್ತು ಹಿಂದಿನ ದೀಪವನ್ನು ಸೇರಿಸಿದರೆ, ಸಂಜೆಯ ಟ್ರಾಫಿಕ್ಕಿನಲ್ಲಿ 4.5ರ ಬ್ಯಾಟರಿ ಅರ್ಧ ಗಂಟೆಯೂ ಬಾಳದು.

ಇನ್ನು ಸೀಲ್ಡ್ ಬೇಡವೆಂದದ್ದಕ್ಕೆ ಕಾರಣ ರೆಗ್ಯುಲೇಟರ್, ಅಂದರೆ ಡೈನಮೊದ ವೋಲ್ಟೇಜ್ ಮಿತಿಮೀರದಂತೆ ತಡೆಯುವ ಸಾಧನ. ಸ್ಪ್ರಿಂಗ್ ಮತ್ತು ಕಾಂಟ್ಯಾಕ್ಟುಗಳ ಮೇಲೆ ನಡೆಯುವ ಆ ಹಳೆಯ ಡಬ್ಬಿ ಐವತ್ತು ವರ್ಷ ಕಳೆದ ಮೇಲೆ ಎಷ್ಟು ವೋಲ್ಟಿಗೆ ತಡೆಯುತ್ತದೆ ಎಂಬುದನ್ನು ಮೀಟರ್ ಹಿಡಿಯದೆ ಹೇಳಲಾಗದು. ಓವರ್‌ಚಾರ್ಜ್ ಆದರೆ ಮಾಮೂಲಿ ಬ್ಯಾಟರಿಯಲ್ಲಿ ನೀರು ಇಳಿಯುತ್ತದೆ, ಡಿಸ್ಟಿಲ್ಡ್ ವಾಟರ್ ಹಾಕಿ ಮುಂದುವರಿಯಬಹುದು. ಸೀಲ್ಡ್ ಬ್ಯಾಟರಿಯಲ್ಲಿ ಒಮ್ಮೆ ಹೋದ ನೀರು ಹೋದಂತೆಯೇ, ಕೊನೆಗೆ ಅದು ಹೊಟ್ಟೆ ಉಬ್ಬಿಸಿಕೊಂಡು ಕೂರುತ್ತದೆ. ಆದ್ದರಿಂದ ಹೊಸ ಬ್ಯಾಟರಿಗೆ ದುಡ್ಡು ಕೊಡುವ ಮೊದಲು, ಚೆನ್ನಾಗಿರುವ ಬ್ಯಾಟರಿಯೊಂದನ್ನು ಎರವಲು ತಂದು ಜೋಡಿಸಿ, ಲೈಟುಗಳನ್ನು ಆರಿಸಿ, ಎಂಜಿನ್ನಿನ ವೇಗ ಏರಿಸುತ್ತಾ ಟರ್ಮಿನಲ್‌ಗಳ ಮೇಲೆ ಮೀಟರ್ ಹಿಡಿದು ನೋಡಿ. 7ರಿಂದ 7.3 ವೋಲ್ಟಿನ ನಡುವೆ ನಿಂತರೆ ಚಿಂತೆಯಿಲ್ಲ. 7.5 ದಾಟಿದರೆ ರೆಗ್ಯುಲೇಟರನ್ನು ಬಲ್ಲವರಿಂದ ಸರಿಪಡಿಸಿಕೊಳ್ಳಬೇಕು, 6.3ರ ಆಸುಪಾಸಿನಿಂದ ಮೇಲೇಳದಿದ್ದರೆ ಡೈನಮೊ ಚಾರ್ಜ್ ಮಾಡುತ್ತಲೇ ಇಲ್ಲ, ಆಗ ದೋಷವನ್ನು ಬ್ಯಾಟರಿಯ ತಲೆಗೆ ಕಟ್ಟಬೇಡಿ.

ಲಿಥಿಯಂ ಒಳ್ಳೆಯ ವಸ್ತುವೇ, ಆದರೆ ವೋಲ್ಟೇಜ್ ಬಿಗಿಯಾಗಿ ಹಿಡಿತದಲ್ಲಿರುವ ಗಾಡಿಗಳಿಗೆ. ಈ ರೆಗ್ಯುಲೇಟರಿನ ಜೊತೆ ಅದನ್ನು ಜೋಡಿಸಲು ನಾನಂತೂ ಒಪ್ಪುವುದಿಲ್ಲ.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರು): ಆಸಿಡ್ ಸೋರಿ ಫ್ರೇಮಿನ ಬಣ್ಣ ಕಿತ್ತುಬರುತ್ತದೆ ಎಂಬ ಭಯದಿಂದ ನಾನು ಸೀಲ್ಡ್ ಬ್ಯಾಟರಿಯನ್ನೇ ಬಳಸುತ್ತಿದ್ದೇನೆ. ತಪ್ಪೇ?

ಉತ್ತರ: ರೆಗ್ಯುಲೇಟರ್ ಮೇಲೆ ಹೇಳಿದ ಮಿತಿಯಲ್ಲಿದ್ದು, ನೀವು ಹಾಕಿರುವುದು 12 ಆಂಪಿಯರ್-ಅವರ್‌ನದಾದರೆ ತಪ್ಪಿಲ್ಲ. ಆದರೆ ಬಣ್ಣ ಹಾಳಾಗುವುದು ಹೆಚ್ಚಾಗಿ ಬ್ಯಾಟರಿಯ ಪಕ್ಕದ ಮೂತಿಗೆ ಸಿಕ್ಕಿಸುವ ವೆಂಟ್ ಪೈಪನ್ನು ಬಿಸಾಡುವುದರಿಂದ. ಆ ತೆಳು ಪೈಪು ಎಲ್ಲೂ ಮಡಚಿಕೊಳ್ಳದೆ, ಚೈನ್ ಕವರಿಗೂ ಸೈಲೆನ್ಸರಿಗೂ ತಗಲದಂತೆ ಫ್ರೇಮಿನಿಂದ ಕೆಳಗೆ ಇಳಿದಿರಬೇಕು. ಬ್ಯಾಟರಿಯ ಅಡಿಗೆ ಒಂದು ತುಂಡು ರಬ್ಬರ್ ಹಾಸಿದರೆ ಕುಲುಕಾಟವೂ ಕಡಿಮೆಯಾಗುತ್ತದೆ.

ಪ್ರಶ್ನೆ (ಹಾಸನದ ಸದಸ್ಯರು): ಧನ್ಯವಾದಗಳು. ಕೊಳ್ಳುವಾಗ ಮತ್ತು ಜೋಡಿಸುವಾಗ ಬೇರೇನು ಗಮನಿಸಬೇಕು? ವೈರುಗಳ ಬಣ್ಣವೆಲ್ಲ ಮಾಸಿಹೋಗಿದೆ.

ಉತ್ತರ: ಬಣ್ಣವನ್ನು ನಂಬಲೇಬೇಡಿ. ಹಳೆಯ ಬ್ಯಾಟರಿ ಬಿಚ್ಚುವ ಮೊದಲು, ಫ್ರೇಮಿಗೆ ಹೋಗುವ ಅರ್ಥ್ ವೈರು ಪ್ಲಸ್‌ಗೆ ಕೂತಿದೆಯೋ ಮೈನಸ್‌ಗೋ ಎಂದು ನೋಡಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಹಳೆಯ ಗಾಡಿಗಳಲ್ಲಿ ಪ್ಲಸ್ ಅರ್ಥ್ ಇರುವವೂ ಉಂಟು, ಅಡ್ಡಾದಿಡ್ಡಿ ಕೊಟ್ಟರೆ ಕಟ್‌ಔಟಿನ ಕಾಂಟ್ಯಾಕ್ಟ್ ಸುಟ್ಟು ಅಂಟಿಕೊಳ್ಳಬಹುದು. ಬ್ಯಾಟರಿ ಡಬ್ಬದ ಉದ್ದ, ಅಗಲ, ಎತ್ತರವನ್ನು ಅಳೆದುಕೊಂಡೇ ಅಂಗಡಿಗೆ ಹೋಗಿ. ಸಾಧ್ಯವಾದರೆ ಡ್ರೈ ಚಾರ್ಜ್ಡ್ (ಆಸಿಡ್ ತುಂಬದೆ ಒಣಗಿಯೇ ಬರುವ) ಬ್ಯಾಟರಿ ಕೇಳಿ, ನಿಮ್ಮೆದುರಿಗೇ ಆಸಿಡ್ ತುಂಬಿಸಿ. ತುಂಬಿಸಿದ ಕೂಡಲೇ ಗಾಡಿಗೆ ಹಾಕಬೇಡಿ. ತಟ್ಟೆಗಳು ಆಸಿಡ್ ಹೀರಿಕೊಳ್ಳಲು ಸ್ವಲ್ಪ ಸಮಯ ಬಿಟ್ಟು, ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು, ಅಂದರೆ 12ರ ಬ್ಯಾಟರಿಗೆ 1.2 ಆಂಪಿಯರ್ ಕರೆಂಟಿನಲ್ಲಿ ನಿಧಾನವಾಗಿ ಚಾರ್ಜ್ ಮಾಡಿಸಿ. ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೊಮೀಟರ್ 1.26ರಿಂದ 1.28 ತೋರಿಸಿದರೆ ಪೂರ್ತಿಯಾದಂತೆ.

ಹೊಸ ಬ್ಯಾಟರಿ ಹಾಕಿದರೂ ಲೈಟು ಮಂದವಾಗಿದ್ದರೆ ಅರ್ಥ್ ಜೋಡಣೆಗಳನ್ನು ಬಿಚ್ಚಿ ಉಜ್ಜಿ. ತುಕ್ಕಿನಿಂದ ಅರ್ಧ ವೋಲ್ಟ್ ನಷ್ಟವಾದರೆ 12 ವೋಲ್ಟಿನ ಗಾಡಿಗೆ ಅದು ಇಪ್ಪತ್ತನಾಲ್ಕನೇ ಒಂದು ಪಾಲು, ನಿಮ್ಮದಕ್ಕೆ ಹನ್ನೆರಡನೇ ಒಂದು ಪಾಲು. ರೀಪೇಂಟ್ ಮಾಡಿಸಿದ ಗಾಡಿಗಳಲ್ಲಂತೂ ಅರ್ಥ್ ಬೋಲ್ಟಿನ ಕೆಳಗೂ ಬಣ್ಣ ಕೂತಿರುತ್ತದೆ, ಅದನ್ನು ಅಲ್ಲಿಯಷ್ಟೇ ಕೆರೆದು ತೆಗೆಯಬೇಕು.

ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಬ್ಯಾಟರಿ ಬಿಚ್ಚಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಚಾರ್ಜರಿನಲ್ಲಿ ಆರು ವೋಲ್ಟಿನ ಆಯ್ಕೆ ಇರಲೇಬೇಕು.