ಕುದುರೆ ಕೊಡೋ ಗುರು!

"ನಮ್ಮೂರ ಚೆಸ್ಸಲ್ಲಿ ರಾಜ ಒಂದೇ ಒಂದ್ಸಲ ಕುದುರೆ ಥರ ಹಾರಬಹುದು ಕಣೋ. ಅದಕ್ಕೆ ಮುಂಚೆ ಚೆಕ್ ಬಿದ್ದಿರಬಾರದು, ಅಷ್ಟೇ," ಅಂದ ಗೌಡ. ಅಂದವನು ಸುಮ್ಮನಿರಲಿಲ್ಲ, ಹಾರಿಸಿಯೇ ಬಿಟ್ಟ.

ರಮೇಶ ಕಾಫಿ ಲೋಟ ಕೆಳಗಿಟ್ಟ. "ಅದು ನಿಮ್ಮೂರಲ್ಲಿ. ಇದು ಹನುಮಂತನಗರ."

"ಹಂಗಾದ್ರೆ ನಿನ್ನ ಸಿಪಾಯಿ ಮೊದಲನೇ ಸಲ ಎರಡು ಮನೆ ಹೋಗುತ್ತಲ್ಲ, ಅದು ಯಾವೂರ ರೂಲು?"

"ಫಿಡೆ ರೂಲು!"

"ಅದ್ಯಾವೂರು?"

"ವಿಶ್ವ ಚೆಸ್ ಸಂಸ್ಥೆ ಕಣೋ, ಸ್ವಿಟ್ಜರ್ಲೆಂಡಲ್ಲಿದೆ ಅವರ ಆಫೀಸು," ಅಂದಳು ವಸುಧಾ, ಕೋಡುಬಳೆ ತಟ್ಟೆ ತಂದಿಡುತ್ತಾ.

"ಸ್ವಿಟ್ಜರ್ಲೆಂಡಿಂದು ನಡೆಯುತ್ತೆ, ಚನ್ನರಾಯಪಟ್ಟಣದ್ದು ನಡೆಯಲ್ವಾ?"

ನ್ಯಾಯವಾಗಿ ನೋಡಿದರೆ ಗೌಡನ ಮಾತಲ್ಲಿ ಹುರುಳಿದೆ. ಅವರೂರಲ್ಲಿ ಸಿಪಾಯಿ ಮೊದಲ ನಡೆಗೂ ಒಂದೇ ಮನೆ. ಕೊನೆ ಮುಟ್ಟಿದ ಸಿಪಾಯಿ ಆನೆ ಸಾಲಲ್ಲಿದ್ದರೆ ಆನೆ, ಒಂಟೆ ಸಾಲಲ್ಲಿದ್ದರೆ ಒಂಟೆ. ಎಲ್ಲಿ ಹೋದರೂ ಮಂತ್ರಿಯೇ ಬೇಕು ಅಂತ ಕೂರುವ ಹಾಗಿಲ್ಲ. ನಾವು ಇವತ್ತು ಆಡುವ ಆಟವೂ ಅನಾದಿ ಕಾಲದ್ದೇನಲ್ಲ. ಹಳೇ ಆಟದಲ್ಲಿ ಮಂತ್ರಿ ಓರೆಯಾಗಿ ಒಂದೇ ಮನೆ ಸರಿಯುತ್ತಿದ್ದ, ಬಡಪಾಯಿ. ಈಗಿನ ದರ್ಬಾರು ಸಿಕ್ಕಿದ್ದು 15ನೇ ಶತಮಾನದ ಕೊನೆಗೆ, ಯುರೋಪಿನಲ್ಲಿ. ಅದಕ್ಕೂ ಬಹಳ ಹಿಂದೆ, ಸುಮಾರು 1030ರಲ್ಲಿ, ವಿದ್ವಾಂಸ ಅಲ್ ಬಿರೂನಿ ನಮ್ಮ ದೇಶದಲ್ಲಿ ನಾಲ್ವರು ಕೂತು ದಾಳ ಹಾಕಿ ಆಡುವ ಚದುರಂಗದ ಬಗ್ಗೆ ಬರೆದಿದ್ದಾನೆ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಎದುರಾಳಿಯೇ ಬೇಡ ಅಂತ ಕುದುರೆಯೊಂದನ್ನೇ ಬಿಟ್ಟು 64 ಮನೆಗಳನ್ನೂ ಸುತ್ತಿಸುವ ಬಂಧಗಳನ್ನು ರಚಿಸಿದವರು.

"ಇತಿಹಾಸ ಆಮೇಲೆ ಹೇಳು, ಮೊದಲು ಆ ರಾಜನ್ನ ವಾಪಸ್ ಇಡ್ಸು," ಅಂದ ರಮೇಶ.

ರಮೇಶನ ಕಷ್ಟ ಬೇರೆ. ಅವನು ಓಪನಿಂಗ್, ಅಂದರೆ ಆಟ ಶುರುವಾಗುವ ನಡೆಗಳನ್ನು, ಬಾಯಿಪಾಠ ಮಾಡಿದವನು. ಇಪ್ಪತ್ತು ನಡೆ ಕೋಡುಬಳೆ ಮುರಿಯುತ್ತಲೇ ಆಡುತ್ತಾನೆ, ಬೋರ್ಡು ನೋಡುವುದೇ ಇಲ್ಲ. ಇಪ್ಪತ್ತೊಂದನೆಯದಕ್ಕೆ ಕರ್ಚೀಫು ತೆಗೆಯುತ್ತಾನೆ. ಅಷ್ಟರಲ್ಲಿ ನಮ್ಮದು ಮುಗಿದಿರುತ್ತೆ ಅನ್ನುವುದು ಬೇರೆ ಮಾತು.

ವಸುಧಾ ಹೈಸ್ಕೂಲಲ್ಲಿ ಗಣಿತ ಹೇಳುವವಳು. ಕಾಯಿಗಳನ್ನೆಲ್ಲ ಬಳಿದು ರಾಶಿ ಹಾಕಿದಳು. "ಹಿಂದಿನ ಸಾಲನ್ನ ಚೀಟಿ ಎತ್ತಿ ಜೋಡಿಸೋಣ. ಎರಡೂ ಕಡೆ ಒಂದೇ ಥರ. ಚೆಸ್ 960 ಅಂತಾರೆ. ಹಳೇ ವಿಶ್ವ ಚಾಂಪಿಯನ್ ಬಾಬಿ ಫಿಶರ್ 1996ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಜನರ ಮುಂದಿಟ್ಟಿದ್ದು."

"960 ಹೆಂಗೆ ಬಂತು? ಸುಮ್ನೆ ಒಂದು ನಂಬರ್ ಇಟ್ಟಿರ್ತಾನೆ."

ಟೀಚರ್ ಹತ್ತಿರ ಹೀಗೆ ಕೇಳಬಾರದು. ಹಾಲಿನ ಲೆಕ್ಕದ ಚೀಟಿ ತಿರುಗಿಸಿ ಶುರು ಮಾಡಿದಳು. "ಒಂಟೆ ಒಂದು ಬಿಳಿ ಮನೇಲಿ, ಒಂದು ಕಪ್ಪು ಮನೇಲಿ ಇರಬೇಕು. ನಾಲ್ಕು ನಾಲ್ಕಲ 16. ಮಿಕ್ಕ ಆರು ಮನೇಲಿ ಮಂತ್ರಿಗೊಂದು, ಆಯ್ತು 96. ಮಿಕ್ಕ ಐದರಲ್ಲಿ ಎರಡು ಕುದುರೆ ಇಡೋಕೆ ಹತ್ತು ದಾರಿ. 960. ಉಳಿದ ಮೂರಕ್ಕೆ ಆನೆ, ರಾಜ, ಆನೆ. ರಾಜ ಆನೆಗಳ ಮಧ್ಯದಲ್ಲೇ ಇರಬೇಕು ಅನ್ನೋದು ರೂಲು. ನಾವು ದಿನಾ ಆಡೋ ಜೋಡಣೆ ಇದ್ರಲ್ಲಿ 518ನೇದು."

"ಅಂದ್ರೆ ನಾನು ಓದಿದ್ದೆಲ್ಲ ನೀರಿಗೆ ಹೋಯ್ತಾ?"

"ಹೋಗ್ಲಿ ಅಂತಾನೇ ಅವನು ಮಾಡಿದ್ದು."

ಚೀಟಿಯಲ್ಲಿ ಎಡ ಮೂಲೆಗೆ ಒಂಟೆ ಬಂತು, ಬಲ ಮೂಲೆಗೆ ಆನೆ, ಆನೆ ಪಕ್ಕಕ್ಕೆ ಎರಡೂ ಕುದುರೆ. ಇಂಥ ಕಡೆ ಮೊದಲು ನೋಡಬೇಕಾದ್ದು ಯಾವ ಸಿಪಾಯಿಗೆ ಕಾವಲಿಲ್ಲ ಅನ್ನುವುದನ್ನು. ಮಾಮೂಲಿ ಆಟದಲ್ಲಿ ಎಲ್ಲ ಸಿಪಾಯಿಗೂ ಹಿಂದೆ ಯಾರಾದರೊಬ್ಬರು ಇರುತ್ತಾರೆ, ಇಲ್ಲಿ ಆ ಭರವಸೆ ಇಲ್ಲ. ಬಿಳಿ ಗೌಡನದು. ಅವನು ಮೂಲೆ ಒಂಟೆಯ ಮುಂದಿನ ಓರೆ ದಾರಿಗೆ ಅಡ್ಡ ಇದ್ದ ಸಿಪಾಯಿಯನ್ನು ಒಂದು ಮನೆ ತಳ್ಳಿದ. ರಮೇಶ ಅಭ್ಯಾಸಬಲದಿಂದ ನಡುವಿನ ಸಿಪಾಯಿಯನ್ನು ಎರಡು ಮನೆ ಬಿಟ್ಟ. ಒಂಟೆ ಆ ತುದಿಯಿಂದ ಈ ತುದಿಗೆ ಬಂದು ಕುದುರೆ ಮುಂದಿದ್ದ ಸಿಪಾಯಿಯನ್ನು ಹೊಡೆಯಿತು. ಹಿಂದಿದ್ದ ಆನೆಗೆ ಕದಲಲು ಜಾಗವೇ ಇಲ್ಲ.

"ಎರಡನೇ ನಡೆಗೇ ಆನೆ ಹೋಯ್ತಲ್ಲೋ!" ರಮೇಶ ಕಂಗಾಲು. "ಚಾಂಪಿಯನ್ ಕಾರ್ಲ್‌ಸನ್ ಇದನ್ನೆಲ್ಲ ಆಡ್ತಾನಾ?"

"ಆಡದೆ ಏನು, 2024ರಲ್ಲಿ ಜರ್ಮನಿಯ ವೈಸೆನ್‌ಹೌಸ್‌ನಲ್ಲಿ ಗೆದ್ದ. ಅದಕ್ಕೂ ಮುಂಚೆ 2019ರಲ್ಲಿ ಇದರದ್ದೇ ವಿಶ್ವ ಚಾಂಪಿಯನ್‌ಷಿಪ್ ಫೈನಲಲ್ಲಿ ವೆಸ್ಲಿ ಸೋ ಕೈಲಿ ಸೋತ."

ಗೆದ್ದಿದ್ದಕ್ಕಿಂತ ಸೋತ ಸುದ್ದಿ ಕೇಳಿ ರಮೇಶನಿಗೆ ಜೀವ ಬಂತು. ಇನ್ನೊಂದು ಕೋಡುಬಳೆ ತೆಗೆದುಕೊಂಡ.

ಗೌಡನಿಗೆ ಹಿಡಿಸಿದ್ದು ಆಟಮಿಕ್ ಅನ್ನುವ ಇನ್ನೊಂದು ಥರದ ಚೆಸ್. ಅದರಲ್ಲಿ ಯಾವುದೇ ಕಾಯಿ ಹೊಡೆದರೂ ಸ್ಫೋಟ. ಹೊಡೆದದ್ದು, ಹೊಡೆಸಿಕೊಂಡದ್ದು ಎರಡೂ ಹೋಗುತ್ತವೆ, ಸುತ್ತಲ ಎಂಟು ಮನೆಯಲ್ಲಿ ಸಿಪಾಯಿ ಬಿಟ್ಟು ಮಿಕ್ಕ ಕಾಯಿಗಳೂ ಹೋಗುತ್ತವೆ. ರಾಜನೇ ಬೇಕಿಲ್ಲ, ಅವನ ಪಕ್ಕದ ಸಿಪಾಯಿಯನ್ನು ಹಾರಿಸಿದರೆ ಸಾಕು, ಆಟ ಮುಗಿಯಿತು. ಅದಕ್ಕೇ ಇಲ್ಲಿ ಎದುರಾಳಿಯ ಕುದುರೆ ನಮ್ಮ ಕಡೆ ನುಗ್ಗುವ ಮೊದಲೇ ಹೆದರಬೇಕು. ಇನ್ನೊಂದು ತಮಾಷೆ ಉಂಟು: ಎರಡೂ ರಾಜರು ಅಕ್ಕಪಕ್ಕ ಬಂದು ನಿಂತರೆ ಯಾರಿಗೂ ಚೆಕ್ ಇಲ್ಲ. ಅವನನ್ನು ಉಡಾಯಿಸಿದರೆ ಇವನೂ ಸುಟ್ಟುಹೋಗುತ್ತಾನಲ್ಲ!

"ಇದು ಸಮ್ಮಿಶ್ರ ಸರ್ಕಾರ ಕಣ್ರೋ," ಅಂದ ಗೌಡ. "ಒಳಗೊಳಗೇ ಎಷ್ಟೇ ಉರೀಲಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸ್ಕೋಬೇಕು."

ಕಾಯಿಗಳನ್ನೆಲ್ಲ ಕಳೆದುಕೊಂಡವನೇ ಗೆಲ್ಲುವ ಆಂಟಿಚೆಸ್ ಮಾತೂ ಬಂತು. ಹೊಡೆಯುವ ಅವಕಾಶ ಇದ್ದರೆ ಹೊಡೆಯಲೇಬೇಕು. ಬಿಳಿಯವನು ಇ4 ಅಂತ ರಾಜನ ಮುಂದಿನ ಸಿಪಾಯಿಯನ್ನು ಎರಡು ಮನೆ ಬಿಟ್ಟು ಗತ್ತಿನಲ್ಲಿ ಶುರು ಮಾಡಿದ, ಕಪ್ಪಿನವನು ಬಿ5 ಅಂತ ಮಂತ್ರಿ ಕಡೆಯ ಕುದುರೆ ಸಿಪಾಯಿಯನ್ನು ಎರಡು ಮನೆ ಮುಂದೆ ಒಡ್ಡಿದ, ಬಿಳಿ ಒಂಟೆ ಬೇಡವೆಂದರೂ ಹೋಗಿ ತಿನ್ನಬೇಕು. ಅಲ್ಲಿಂದಾಚೆ ಅವನ ಕೈಯಲ್ಲಿ ಏನೂ ಇಲ್ಲ. ಮಾರ್ಕ್ ವಾಟ್ಕಿನ್ಸ್ ಅನ್ನುವವರು 2016ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಿಕೊಟ್ಟರು: ಬಿಳಿ ಇ3ರಿಂದ, ಅಂದರೆ ಅದೇ ರಾಜನ ಸಿಪಾಯಿಯನ್ನು ಒಂದೇ ಮನೆ ತಳ್ಳಿ, ಶುರು ಮಾಡಿ ತಪ್ಪಿಲ್ಲದೆ ಆಡಿದರೆ ಗೆಲುವು ಖಾತ್ರಿ.

ರಮೇಶನ ಕಣ್ಣು ಅರಳಿತು. "ಖಾತ್ರಿನಾ? ಅದರ ಲೈನೆಲ್ಲ ಎಲ್ಲಿ ಸಿಗುತ್ತೆ?"

ಈ ಜನ್ಮಕ್ಕೆ ಸುಧಾರಿಸುವ ಪೈಕಿಯಲ್ಲ.

ಡಕ್ ಚೆಸ್‌ಗೆ ರಬ್ಬರ್ ಬಾತುಕೋಳಿ ಬೇಕು. ಪ್ರತಿ ನಡೆ ಆದ ಮೇಲೂ ಅದನ್ನೆತ್ತಿ ಬೇರೊಂದು ಖಾಲಿ ಮನೆಗೆ ಅಡ್ಡ ಇಡಬೇಕು. ಬಾತುಕೋಳಿ ಇಲ್ಲದ್ದಕ್ಕೆ ವಸುಧಾ ಫ್ರಿಜ್‌ನಿಂದ ನಿಂಬೆಹಣ್ಣು ತಂದಳು. ತನ್ನ ಮಂತ್ರಿ ಮುಂದೆ ನಿಂಬೆಹಣ್ಣು ನೋಡಿ ಗೌಡ, "ಮಂತ್ರಿಸಿದ್ದಾ?" ಅಂದ. ಅಲ್ಲಿಗೆ ಅದು ನಿಂತಿತು.

ನನ್ನನ್ನು ಕೇಳಿದರೆ ನಾಲ್ಕು ಜನ ಸೇರಿದಾಗ ಬಗ್‌ಹೌಸ್ ಬಿಟ್ಟು ಬೇರೆ ಆಡುವುದೇ ದಂಡ. ಎರಡು ಬೋರ್ಡು, ಇಬ್ಬಿಬ್ಬರ ಜೋಡಿ. ನಾನು ಬಿಳಿ, ನನ್ನ ಜೊತೆಗಾರ ಪಕ್ಕದ ಬೋರ್ಡಲ್ಲಿ ಕಪ್ಪು. ನಾನು ಹೊಡೆದ ಕಪ್ಪು ಕಾಯಿ ಅವನ ಕೈಗೆ ಹೋಗುತ್ತದೆ, ಅವನು ನಡೆಯ ಬದಲು ಅದನ್ನು ಖಾಲಿ ಮನೆಯಲ್ಲಿ ಇಳಿಸಬಹುದು. ಇಲ್ಲಿ ಬೆಲೆಗಳೆಲ್ಲ ತಲೆಕೆಳಗು. ದೂರದಿಂದ ಆನೆ, ಒಂಟೆ ಚೆಕ್ ಕೊಟ್ಟರೆ ಮಧ್ಯೆ ಒಂದು ಸಿಪಾಯಿ ಇಳಿಸಿ ಮುಚ್ಚಿಬಿಡಬಹುದು. ಕುದುರೆ ಚೆಕ್ಕನ್ನು ಯಾರೂ ಮುಚ್ಚಲಾರರು. ಹಾಗಾಗಿ ಆನೆ ಕೊಟ್ಟು ಕುದುರೆ ಕೊಳ್ಳುವುದು ಇಲ್ಲಿ ಹುಚ್ಚಲ್ಲ, ಬುದ್ಧಿವಂತಿಕೆ. ಮೇಲಾಗಿ ಬಾಯಿ ಮುಚ್ಚಿಕೊಂಡು ಕೂರಬೇಕಾಗಿಲ್ಲ, ಬೇಕಾದ ಕಾಯಿಯನ್ನು ಕೂಗಿ ಕೇಳಬಹುದು. ಚೆಸ್ಸಿನ ದೊಡ್ಡ ಕೊರತೆಯೊಂದನ್ನು ಸರಿಪಡಿಸಿದ ಆಟ ಇದು.

ಒಂದು ಬೋರ್ಡು ವಸುಧಾಳ ಮಾವನವರ ಕಾಲದ ಮರದ್ದು. ಇನ್ನೊಂದು ರೈಲಲ್ಲಿ ಆಡುವ ಪುಟ್ಟ ಪ್ಲಾಸ್ಟಿಕ್ಕು. ನಾನು ಮರದ್ದರಲ್ಲಿ ವಸುಧಾಳ ಎದುರು, ರಮೇಶ ಪ್ಲಾಸ್ಟಿಕ್ಕಿನಲ್ಲಿ ಗೌಡನ ಎದುರು. ಗಡಿಯಾರಕ್ಕೆ ಫೋನು.

"ಕುದುರೆ ಕೊಡೋ ಗುರು! ಒಂದು ಕುದುರೆ ಸಿಕ್ರೆ ಮೇಟು!" ಅಂತ ರಮೇಶ ಚೀರಿದ. ಕುದುರೆ ಇಲ್ಲದಿದ್ದರೆ ಮುಂದಿನ ನಡೆಗೆ ಅವನಿಗೇ ಮೇಟು. ಹಾಗಾಗಿ ಕೈ ಕಟ್ಟಿ ಕೂತ. ಹೀಗೆ ಸಮಯ ಓಡಲು ಬಿಟ್ಟು ಕಾಯಿಗಾಗಿ ಕಾಯುವುದೂ ಇಲ್ಲಿ ಒಂದು ತಂತ್ರವೇ. ಆದರೆ ನಾನು ಆ ಕುದುರೆ ಹೊಡೆಯಬೇಕಾದರೆ ಮಂತ್ರಿಯನ್ನು ಕಳೆದುಕೊಳ್ಳಬೇಕು, ಅದು ಸೀದಾ ಗೌಡನ ಕೈಗೆ. ನಾನೂ ಕೂತೆ. ಇಬ್ಬರ ಗಡಿಯಾರವೂ ಓಡುತ್ತಿದ್ದವು. ಎದುರಾಳಿಗಳಿಬ್ಬರೂ ಆರಾಮಾಗಿ ಈರುಳ್ಳಿ ರೇಟು ಮಾತಾಡುತ್ತಿದ್ದರು.

"ಕೊಡೋ!"

ಕೊಟ್ಟೆ. ಮರದ ಕುದುರೆ, ರಮೇಶನ ಬೋರ್ಡಿನ ಎರಡು ಮನೆಯಷ್ಟು ಅಗಲ. ಅದನ್ನು ಇಳಿಸಲು ಹೋದವನ ಕೈಗೆ ರಾಜ ಸಿಕ್ಕಿ ಬಿದ್ದ, ಪಕ್ಕದ ಆನೆಯೂ ಬಿತ್ತು, ಎತ್ತಿ ನಿಲ್ಲಿಸುವಷ್ಟರಲ್ಲಿ ಫೋನು ಕುಯ್ಯೋ ಅಂತು.

"ಕುದುರೆ ಕೊಟ್ಟೆನಲ್ಲೋ!"

"ಇಷ್ಟು ದೊಡ್ಡದು ಯಾರು ಕೇಳಿದ್ರು?"